ಪಕ್ಕದಲ್ಲಿ ಕಾಡಿದ್ದರೆ ಶಿವಮೊಗ್ಗ ‘ಕಾರ್ಬನ್ ನ್ಯೂಟ್ರಲ್’ ಆದೀತೇ?

2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ ‘2070ಕ್ಕೆ ನೆಟ್ ಝೀರೋ’, ಅಂದರೆ ಬಿಟ್ಟಷ್ಟು ಹೊಗೆಯನ್ನು ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡುತ್ತೇವೆ ಎಂದು ಹೇಳಿತು. ಎರಡು ವರ್ಷದ ನಂತರ ಬೆಂಗಳೂರು ತನ್ನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿ 2050ರ ಗುರಿ ಹಾಕಿಕೊಂಡಿತು. ಇವರಿಬ್ಬರಿಗಿಂತ ಮೊದಲೇ ‘2025ಕ್ಕೆ ಮುಟ್ಟುತ್ತೇವೆ’ ಎಂದಿದ್ದ ಡೆನ್ಮಾರ್ಕಿನ ಕೋಪನ್‌ಹೇಗನ್, 2022ರಲ್ಲಿ ಆಗುವುದಿಲ್ಲ ಎಂದು ಕೈಬಿಟ್ಟಿತು. ಇತ್ತ ನಮ್ಮ ಶರಾವತಿ ಕಣಿವೆಯಲ್ಲಿ ಸಾವಿರಾರು ಮರ ಕಡಿದು ಕಟ್ಟಬೇಕಾದ, ಕರೆಂಟು ಕೂಡಿಡುವ ‘ಪಂಪ್ಡ್ ಸ್ಟೋರೇಜ್’ ಯೋಜನೆಗೆ ‘ಹಸಿರು ಇಂಧನ’ ಎಂಬ ಹೆಸರಿದೆ.

ಇದನ್ನೆಲ್ಲ ಓದಿದವರಿಗೆ ಗೊಂದಲ ಆಗದಿದ್ದರೆ ಆಶ್ಚರ್ಯ. ಮರ ಕಡಿದರೆ ಹಸಿರು ಹೇಗಾಗುತ್ತದೆ? ಅಷ್ಟು ದುಡ್ಡಿರುವ ಕೋಪನ್‌ಹೇಗನ್‌ಗೇ ಆಗದ್ದು ಮಧ್ಯಮ ಗಾತ್ರದ ಊರುಗಳಿಗೆ ಆಗುತ್ತದೆಯೇ? ಮಲೆನಾಡಿನಲ್ಲಂತೂ ಇನ್ನೊಂದು ಮಾತು ಕೇಳಿಬರುತ್ತದೆ: ‘ಸುತ್ತ ಇಷ್ಟು ಕಾಡಿದೆ, ಕರೆಂಟು ಲಿಂಗನಮಕ್ಕಿಯಿಂದ ಬರುತ್ತದೆ. ನಾವು ಈಗಾಗಲೇ ಕಾರ್ಬನ್ ನ್ಯೂಟ್ರಲ್ ಅಲ್ವಾ?’

ಅಪಾಯ ಇರುವುದು ಈ ಕೊನೆಯ ಪ್ರಶ್ನೆಯಲ್ಲೇ. ಶಿವಮೊಗ್ಗದಂಥ ಊರಿಗೆ ಇಂಥ ಗುರಿಯನ್ನು ಮುಟ್ಟುವುದು ಕಷ್ಟ, ಮುಟ್ಟಿದ್ದೇವೆ ಎಂದು ಕಾಗದದಲ್ಲಿ ತೋರಿಸುವುದು ಮಾತ್ರ ತೀರಾ ಸುಲಭ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಲೆಕ್ಕ ಹಾಕುವುದು ಹೇಗೆ

ಒಂದು ಊರು ವರ್ಷಕ್ಕೆ ಎಷ್ಟು ಇಂಗಾಲದ ಹೊಗೆ ಬಿಡುತ್ತದೋ ಅಷ್ಟನ್ನೇ ಮರ, ಮಣ್ಣು ಅಥವಾ ಯಂತ್ರಗಳು ವಾಪಸ್ ಹೀರಿಕೊಂಡರೆ ಆ ಊರು ಕಾರ್ಬನ್ ನ್ಯೂಟ್ರಲ್. ಮೇಲ್ನೋಟಕ್ಕೆ ಸರಳ. ಆದರೆ ‘ಊರು’ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದ ಕೂಡಲೇ ಸಿಕ್ಕು ಶುರುವಾಗುತ್ತದೆ.

ನಗರಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ವಿಧಾನದಲ್ಲಿ ಮೂರು ಸುತ್ತುಗಳಿವೆ. ಒಂದನೆಯದು ಊರಿನ ಗಡಿಯೊಳಗೇ ಉರಿಯುವ ಪೆಟ್ರೋಲ್, ಡೀಸೆಲ್, ಗ್ಯಾಸ್, ಕೊಳೆಯುವ ಕಸ. ಎರಡನೆಯದು ಊರು ಬಳಸುವ ಕರೆಂಟು. ಅದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಸುಟ್ಟು ಬಂದಿದ್ದರೂ ಬಳಸಿದವರ ಖಾತೆಗೇ ಬರುತ್ತದೆ. ಮೂರನೆಯದು ಊರಿಗಾಗಿ ಹೊರಗೆ ಆಗುವ ಹೊಗೆ: ನಾವು ಕೊಳ್ಳುವ ಸಿಮೆಂಟು, ಕಬ್ಬಿಣ, ಬಟ್ಟೆ, ಲಾರಿಯಲ್ಲಿ ಬರುವ ತರಕಾರಿ, ವಿಮಾನ ಪ್ರಯಾಣ.

ಹೆಚ್ಚಿನ ಊರುಗಳು ಗುರಿ ಹೇಳುವಾಗ ಮೊದಲ ಎರಡು ಸುತ್ತುಗಳನ್ನು ಸೇರಿಸಿಕೊಂಡು ಮೂರನೆಯದರ ಬಹುಪಾಲನ್ನು ಹೊರಗಿಡುತ್ತವೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಸೋಗಾನೆ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. ಟರ್ಮಿನಲ್ಲಿನ ದೀಪ, ಎಸಿಗಳ ಕರೆಂಟು ಸುಲಭವಾಗಿ ಲೆಕ್ಕಕ್ಕೆ ಸಿಗುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹಾರುವಾಗ ಆಕಾಶದಲ್ಲಿ ಉರಿದ ಇಂಧನ ಯಾರದ್ದು? ಹತ್ತಿದ ಊರಿನದೋ, ಇಳಿದ ಊರಿನದೋ? ಗೆರೆಯನ್ನು ಸ್ವಲ್ಪ ಈಚೆಗೆ ಎಳೆದರೆ ಆ ಹೊಗೆ ಯಾರ ಖಾತೆಯಲ್ಲೂ ಇರುವುದಿಲ್ಲ. ಆದರೆ ಗಾಳಿಯಲ್ಲಿ ಇದ್ದೇ ಇರುತ್ತದೆ.

ಹಾಗಾಗಿ ಯಾವುದೇ ಊರು ‘ಇಂಥ ವರ್ಷಕ್ಕೆ ಸೊನ್ನೆ’ ಎಂದರೆ ಮೊದಲು ನೋಡಬೇಕಾದ್ದು ಆ ಗೆರೆಯನ್ನು. ಗೆರೆ ಎಲ್ಲಿದೆ ಎಂದು ಹೇಳದ ಗುರಿಯನ್ನು ಪರೀಕ್ಷೆ ಮಾಡಲು ಬರುವುದಿಲ್ಲ.

ಕಾಡು ಯಾರ ಖಾತೆಯದು?

ಹೊಗೆಯನ್ನು ಗೆರೆಯಾಚೆ ತಳ್ಳುವುದು ಒಂದು ದಾರಿ. ಕಾಡನ್ನು ಗೆರೆಯೊಳಗೆ ಎಳೆದುಕೊಳ್ಳುವುದು ಇನ್ನೊಂದು. ಮಲೆನಾಡಿನ ಊರುಗಳಿಗೆ ಈ ಎರಡನೆಯ ದಾರಿಯ ಆಸೆ ಜಾಸ್ತಿ. ಜಿಲ್ಲೆಯನ್ನೇ ಗಡಿ ಎಂದು ಹಿಡಿದರೆ ಆಗುಂಬೆ, ಹೊಸನಗರ, ಸಾಗರದ ಕಾಡೆಲ್ಲ ಒಳಗೆ ಬರುತ್ತದೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಹೊಗೆಯನ್ನು ಆಗುಂಬೆಯ ಮರಗಳು ಹೀರಿಕೊಂಡವು ಎಂದು ಬರೆದರೆ ಲೆಕ್ಕ ಸರಿಹೋಯಿತು.

ಆದರೆ ಆ ಕಾಡು ಈಗಾಗಲೇ ಇನ್ನೊಂದು ಖಾತೆಯಲ್ಲಿದೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್‌ನಷ್ಟು ಇಂಗಾಲವನ್ನು ಹೆಚ್ಚುವರಿಯಾಗಿ ಹೀರಿಸುತ್ತೇವೆ ಎಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ದೇಶದ ಕಾಡು ಎಷ್ಟು ಹೀರುತ್ತಿದೆ ಎಂದು ಅಳೆಯುವಾಗ ಪಶ್ಚಿಮಘಟ್ಟವೂ ಅದರಲ್ಲಿ ಸೇರಿರುತ್ತದೆ. ದೇಶವೂ ಅದನ್ನೇ ಎಣಿಸಿ, ರಾಜ್ಯವೂ ಅದನ್ನೇ ಎಣಿಸಿ, ಆಮೇಲೆ ಪಾಲಿಕೆಯೂ ಅದನ್ನೇ ಎಣಿಸಿದರೆ ಒಂದೇ ಮರಕ್ಕೆ ಮೂರು ಬಿಲ್ ಆಯಿತು.

ಇನ್ನೊಂದು ತೊಡಕೂ ಇದೆ. ಆ ಕಾಡು ನಗರದ ಶ್ರಮದಿಂದ ಬೆಳೆದದ್ದಲ್ಲ. ನಗರ ತನ್ನ ಹೊಗೆಯನ್ನು ಇಮ್ಮಡಿ ಮಾಡಿದರೂ ಅದು ಅಲ್ಲೇ ಇರುತ್ತದೆ, ಅರ್ಧ ಮಾಡಿದರೂ ಅಲ್ಲೇ ಇರುತ್ತದೆ. ಪಕ್ಕದ ಮನೆಯವರ ಠೇವಣಿ ತೋರಿಸಿ ನಮ್ಮ ಸಾಲ ತೀರಿತು ಎಂದರೆ ಬ್ಯಾಂಕಿನವರು ಒಪ್ಪುತ್ತಾರೆಯೇ? ಗುರಿಯ ಉದ್ದೇಶ ಬದಲಾವಣೆ ತರುವುದಾದರೆ, ಏನೂ ಬದಲಾಗದೆಯೇ ಸಿಗುವ ಅಂಕಿಯನ್ನು ಅದರಲ್ಲಿ ಸೇರಿಸಬಾರದು.

ಸಸಿ ನೆಟ್ಟರೆ ಆಗದೇ?

ಇರುವ ಕಾಡು ಬೇಡ, ಹೊಸ ಸಸಿ ನೆಡೋಣ ಎನ್ನಬಹುದು. ಪ್ರಮಾಣ ಎಷ್ಟು ಅಂತ ನೋಡಿ.

ಗೋಪಾಳದಿಂದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗಿಬರುವವರ ಒಂದು ಬೈಕ್. ದಿನಕ್ಕೆ ಸುಮಾರು 30 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 45 ಕೊಡುತ್ತದೆ ಎನ್ನೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ದಿನಕ್ಕೆ ಒಂದೂವರೆ ಕೆಜಿ, ವರ್ಷದಲ್ಲಿ 300 ದಿನ ಓಡಿದರೆ 450 ಕೆಜಿ ದಾಟುತ್ತದೆ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಸರಾಸರಿ 20 ಕೆಜಿ ಹೀರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. ಒಂದೇ ಒಂದು ಬೈಕಿಗೆ 23 ಮರ ಬೇಕಾಯಿತು. ಅದೂ ಬೆಳೆದ ಮರ, ಈ ವರ್ಷ ನೆಟ್ಟ ಸಸಿ ಅಲ್ಲ.

ಇಡೀ ಊರಿಗೆ? ಭಾರತದಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2 ಟನ್ ಬರುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ದೇಶದ ಸರಾಸರಿಯನ್ನೇ ಇಟ್ಟುಕೊಂಡರೂ 6.4 ಲಕ್ಷ ಟನ್ ಆಯಿತು. ಇದನ್ನು ಮರಗಳಿಂದಲೇ ಹೀರಿಸಬೇಕಾದರೆ 3.2 ಕೋಟಿ ಬೆಳೆದ ಮರ ಬೇಕು. ಹೆಕ್ಟೇರಿಗೆ 1,000 ಮರ ಎಂದರೂ 32 ಸಾವಿರ ಹೆಕ್ಟೇರ್, ಅಂದರೆ 320 ಚದರ ಕಿಲೋಮೀಟರ್. ಪ್ರಮಾಣ ಅರ್ಥವಾಗಲಿ ಎಂದು ಹಾಕಿದ ಒರಟು ಲೆಕ್ಕ ಇದು. ಆದರೂ ವಿಷಯ ಸ್ಪಷ್ಟ: ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ನೆಡುವ ಮರಗಳು ನೆರಳಿಗೆ, ತಂಪಿಗೆ, ಹಕ್ಕಿಗಳಿಗೆ ಬೇಕೇ ಬೇಕು. ಊರಿನ ಹೊಗೆಯನ್ನು ಸರಿದೂಗಿಸಲು ಅವುಗಳಿಂದ ಆಗುವುದಿಲ್ಲ.

ಅಷ್ಟು ಜಾಗ ಬೇಕು ಎಂದಾಗ ಕಣ್ಣು ಬೀಳುವುದು ಎಲ್ಲಿ? ಗೋಮಾಳ, ಸೊಪ್ಪಿನಬೆಟ್ಟ, ಕಾನು (ಮಲೆನಾಡಿನ ದಟ್ಟ ಸಹಜ ಕಾಡು), ಹುಲ್ಲುಗಾವಲು. ದಾಖಲೆಯಲ್ಲಿ ‘ಖಾಲಿ ಜಾಗ’ ಎನ್ನಿಸಿಕೊಂಡರೂ ಇವುಗಳಲ್ಲಿ ದನ ಮೇಯುತ್ತವೆ, ತೋಟಕ್ಕೆ ಸೊಪ್ಪು ಸಿಗುತ್ತದೆ, ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ.

ಈ ಅನುಭವ ಮಲೆನಾಡಿಗೆ ಹೊಸದೇನಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ 1980ರ ದಶಕದಿಂದ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಲಾಯಿತು. ಕಾರ್ಖಾನೆ 2015ರಲ್ಲಿ ನಿಂತಿತು. ಆದರೂ 2020ರಲ್ಲಿ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲು ಸರ್ಕಾರ ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಜಿಲ್ಲೆಯ ಜನ ಬೀದಿಗಿಳಿದರು. ಅವರ ಮಾತು ಸರಳವಾಗಿತ್ತು: ಈ ಮರದ ಕೆಳಗೆ ಹುಲ್ಲು ಬರುವುದಿಲ್ಲ, ದನ ತಿನ್ನುವಂಥದ್ದು ಏನೂ ಸಿಗುವುದಿಲ್ಲ, ಕಾಡುಪ್ರಾಣಿಗೆ ಹಣ್ಣಿಲ್ಲ. ಇಂಗಾಲದ ಟನ್ ಲೆಕ್ಕ ಮಾತ್ರ ನೋಡಿದರೆ ಬೇಗ ಬೆಳೆಯುವ ಅಕೇಶಿಯಾವೇ ನಿಧಾನ ಬೆಳೆಯುವ ಕಾನಿಗಿಂತ ಲಾಭ ಎಂದು ಕಾಣುತ್ತದೆ. ಟನ್ನಿಗೆ ಬೆಲೆ ಕಟ್ಟುವ ಗುರಿ ನಮ್ಮನ್ನು ಮತ್ತೆ ಅದೇ ತಪ್ಪಿನ ಕಡೆಗೆ ತಳ್ಳುತ್ತದೆ. ಮಲೆನಾಡಿನವರು ಈ ವಿಷಯದಲ್ಲಿ ಅನುಮಾನ ಪಡುವುದಕ್ಕೆ ಗಟ್ಟಿ ಕಾರಣವಿದೆ.

ಬೇರೆ ಕಡೆ ಕಾಡು ಉಳಿಸಿದವರಿಂದ ಕಾರ್ಬನ್ ಕ್ರೆಡಿಟ್, ಅಂದರೆ ಅವರು ತಪ್ಪಿಸಿದ ಹೊಗೆಯ ಲೆಕ್ಕವನ್ನು ದುಡ್ಡು ಕೊಟ್ಟು ಕೊಳ್ಳುವ ದಾರಿಯೂ ಇದೆ. ಅದರ ಮೇಲಿನ ನಂಬಿಕೆ ಈಗ ಕುಸಿದಿದೆ. ಬರೀ ಕ್ರೆಡಿಟ್ ಕೊಂಡುಕೊಂಡು ಸರಕಿನ ಮೇಲೆ ‘ಕಾರ್ಬನ್ ನ್ಯೂಟ್ರಲ್’ ಎಂದು ಬರೆಯುವುದನ್ನು ಐರೋಪ್ಯ ಒಕ್ಕೂಟ 2024ರ ಕಾನೂನಿನಲ್ಲಿ ನಿಷೇಧಿಸಿತು. ಅದು ಜಾರಿಗೆ ಬರುವ ಗಡುವು 2026ರ ಸೆಪ್ಟೆಂಬರ್.

‘ನಮ್ಮ ಕರೆಂಟು ನೀರಿನದು’

ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಕೊಟ್ಟಷ್ಟು ಜಲವಿದ್ಯುತ್ತನ್ನು ಬೇರೆ ಜಿಲ್ಲೆಗಳು ಕೊಟ್ಟದ್ದು ಕಡಿಮೆ. 1948ರಲ್ಲಿ ಶುರುವಾದ ಜೋಗದ ವಿದ್ಯುದಾಗಾರ, 1964ರ ಲಿಂಗನಮಕ್ಕಿ ಅಣೆಕಟ್ಟು, ಅದರ ನೀರಿನಿಂದ ನಡೆಯುವ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ. ಇದರ ಬಗ್ಗೆ ಹೆಮ್ಮೆ ಇರುವುದು ನ್ಯಾಯವೇ.

ಆದರೆ ಅಲ್ಲಿ ಹುಟ್ಟಿದ ಕರೆಂಟು ನೇರವಾಗಿ ವಿನೋಬನಗರದ ಮನೆಗೆ ಬರುವುದಿಲ್ಲ, ರಾಜ್ಯದ ಗ್ರಿಡ್‌ಗೆ ಹೋಗುತ್ತದೆ. ಅಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಸೋಲಾರ್ ಎಲ್ಲ ಬೆರೆಯುತ್ತವೆ. ಮೆಸ್ಕಾಂ ನಮಗೆ ಹಂಚುವುದು ಈ ಬೆರಕೆಯನ್ನು. ದೇಶದ ಗ್ರಿಡ್‌ನಲ್ಲಿ ಸರಾಸರಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಶಿವಮೊಗ್ಗದವರು ‘ನೀರಿನ ಪಾಲು ಪೂರ್ತಿ ನಮಗೆ’ ಎಂದು ಬರೆದುಕೊಂಡರೆ ಕಲ್ಲಿದ್ದಲಿನ ಪಾಲು ದಾವಣಗೆರೆಯವರ ತಲೆಗೆ ಹೋಗುತ್ತದೆ ಅಷ್ಟೇ. ಒಟ್ಟು ಹೊಗೆ ಒಂದು ಕೆಜಿಯೂ ಕಡಿಮೆಯಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಇನ್ನೂ ಸ್ಪಷ್ಟ. 2023ರಲ್ಲಿ ಮುಂಗಾರು ಸೋತು ಜಲಾಶಯಗಳು ತುಂಬದೇ ಹೋದಾಗ ರಾಜ್ಯ ಕಲ್ಲಿದ್ದಲನ್ನೇ ಜಾಸ್ತಿ ನೆಚ್ಚಿಕೊಳ್ಳಬೇಕಾಯಿತು.

ಲಿಂಗನಮಕ್ಕಿಯ ಕರೆಂಟಿಗೆ ಮಲೆನಾಡು ತೆತ್ತ ಬೆಲೆಯನ್ನು ಯಾವ ಇಂಗಾಲದ ಪಟ್ಟಿಯೂ ಬರೆದುಕೊಂಡಿಲ್ಲ. ಮುಳುಗಡೆಯಾದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಹಿನ್ನೀರಿನಾಚೆಯ ಸಿಗಂದೂರು, ತುಮರಿ ಕಡೆಯ ಜನ ಲಾಂಚ್ ನಂಬಿಕೊಂಡು ಬದುಕಿದರು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ.

ಪಂಪ್ಡ್ ಸ್ಟೋರೇಜ್ ಏಕೆ ಹಸಿರು, ಏಕೆ ಅಲ್ಲ

ಈಗಿನ ವಿವಾದ ಇದೇ ಕಣಿವೆಯದು. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಯೋಜನೆ. ಮಧ್ಯಾಹ್ನ ಪಾವಗಡದಂಥ ಕಡೆ ಸೋಲಾರ್ ಕರೆಂಟು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಆಗ ಆ ಕರೆಂಟು ಬಳಸಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಎಲ್ಲರ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಓಡುವಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ನಾಲ್ಕು ಯೂನಿಟ್ ಖರ್ಚು ಮಾಡಿದರೆ ವಾಪಸ್ ಬರುವುದು ಮೂರು ಯೂನಿಟ್ ಆಸುಪಾಸು. ಹಾಗಾಗಿ ಇದು ಕರೆಂಟು ಹುಟ್ಟಿಸುವ ಯೋಜನೆಯಲ್ಲ, ಕೂಡಿಡುವ ಯೋಜನೆ.

ಪರವಾಗಿ ಇರುವ ವಾದವನ್ನು ತಳ್ಳಿಹಾಕುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲು ಸುಡಬಾರದು ಎಂದರೆ ಕರೆಂಟನ್ನು ಎಲ್ಲಾದರೂ ಕೂಡಿಡಲೇಬೇಕು. ಎರಡೂ ಜಲಾಶಯ ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ, ಹೆಚ್ಚಿನ ಕೆಲಸ ಸುರಂಗದಲ್ಲಿ ನಡೆಯುತ್ತದೆ ಎನ್ನುತ್ತದೆ ಕರ್ನಾಟಕ ವಿದ್ಯುತ್ ನಿಗಮ.

ವಿರೋಧಿಸುವವರ ಮಾತಿಗೂ ಅಷ್ಟೇ ತೂಕವಿದೆ. ಜಾಗ ಇರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. 50 ಹೆಕ್ಟೇರ್‌ಗೂ ಹೆಚ್ಚು ಅರಣ್ಯ, 15 ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ. ಸಿಂಗಳೀಕ ಮರದಿಂದ ಮರಕ್ಕೆ ದಾಟುತ್ತ ಬದುಕುವ ಪ್ರಾಣಿ. ನಡುವೆ ಅಗಲ ರಸ್ತೆ ಬಂದರೆ ಅದರ ಗುಂಪುಗಳು ಬೇರೆ ಬೇರೆಯಾಗಿ ಉಳಿಯುತ್ತವೆ. ಕಡಿದಾದ ಇಳಿಜಾರಿನಲ್ಲಿ ಸುರಂಗ ಕೊರೆದರೆ ಗುಡ್ಡ ಕುಸಿಯುವ ಭಯ ಬೇರೆ. ಬ್ಯಾಟರಿಗಳ ಬೆಲೆ ಬೀಳುತ್ತಿರುವಾಗ ಮಳೆಕಾಡಿನ ನಡುವೆಯೇ ಇದನ್ನು ಕಟ್ಟಬೇಕೇ ಎಂಬುದು ಅವರ ಪ್ರಶ್ನೆ.

ನಗರಗಳ ಗುರಿಗೂ ಇದಕ್ಕೂ ಸಂಬಂಧ ಇಲ್ಲೇ ಇದೆ. ಯೋಜನೆ ಆದರೆ ಗ್ರಿಡ್ ಸ್ವಲ್ಪ ಶುದ್ಧವಾಗುತ್ತದೆ, ಆಗ ಬೆಂಗಳೂರಿನ, ಶಿವಮೊಗ್ಗದ ಲೆಕ್ಕದಲ್ಲಿ ಹೊಗೆ ಇಳಿಯುತ್ತದೆ. ಕಡಿದ ಮರ, ಹೋದ ಕಾಡು ಯಾವ ನಗರದ ಪಟ್ಟಿಗೂ ಬರುವುದಿಲ್ಲ. ಲಾಭ ನಗರದ ಹೆಸರಿಗೆ, ನಷ್ಟ ಕಣಿವೆಯ ಹೆಸರಿಗೆ. ಮಲೆನಾಡಿನ ನಗರವೊಂದು ಇಂಥ ಗುರಿ ಹೇಳುವಾಗ ಈ ಅಂಶವನ್ನು ಮುಚ್ಚಿಡುವುದು ಬೇರೆಯವರಿಗಿಂತ ದೊಡ್ಡ ತಪ್ಪಾಗುತ್ತದೆ.

ಕಾರ್ಖಾನೆ ಮುಚ್ಚಿದರೂ ಹೊಗೆ ಇಳಿಯುತ್ತದೆ

ಅಂಕಿ ಇಳಿದ ಮಾತ್ರಕ್ಕೆ ಒಳ್ಳೆಯದಾಯಿತು ಎಂದುಕೊಳ್ಳಬೇಕಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಭದ್ರಾವತಿಯ ಇಂಗಾಲದ ಲೆಕ್ಕ ಯಾರಾದರೂ ಬರೆದರೆ ದೊಡ್ಡ ಇಳಿಕೆ ಕಾಣುತ್ತದೆ. ಆದರೆ ಜನ ಮನೆ ಕಟ್ಟುವುದನ್ನು, ಕಬ್ಬಿಣ ಕೊಳ್ಳುವುದನ್ನು ನಿಲ್ಲಿಸಿಲ್ಲ. ಅದು ಈಗ ಬಳ್ಳಾರಿಯಿಂದಲೋ ಜಾರ್ಖಂಡಿನಿಂದಲೋ ಬರುತ್ತದೆ, ಹೊಗೆಯೂ ಅಲ್ಲೇ ಏಳುತ್ತದೆ. ಭದ್ರಾವತಿಯಲ್ಲಿ ಉಳಿದದ್ದು ಕೆಲಸ ಕಳೆದುಕೊಂಡ ಮನೆಗಳು. ಮಾಚೇನಹಳ್ಳಿ, ಸಾಗರ ರಸ್ತೆಯ ಫೌಂಡ್ರಿಗಳಿಗೂ ಇದೇ ಮಾತು. ಅವು ಊರು ಬಿಟ್ಟು ಹೋದರೆ ಶಿವಮೊಗ್ಗದ ಅಂಕಿ ಚೆನ್ನಾಗಿ ಕಾಣುತ್ತದೆ, ಊರು ಬಡವಾಗುತ್ತದೆ. ಅವು ಇಲ್ಲೇ ಇದ್ದುಕೊಂಡು ಕಡಿಮೆ ಕರೆಂಟಿನಲ್ಲಿ ಅಷ್ಟೇ ಕಬ್ಬಿಣ ಕರಗಿಸಿದರೆ ಅದು ನಿಜವಾದ ಗೆಲುವು.

ಗುರಿ ಬೇಕು ಎನ್ನುವವರು ಹೇಳುವುದೇನು

ಗುರಿಯ ಪರವಾಗಿ ಮಾತಾಡುವವರ ಮುಖ್ಯ ವಾದ ಇಷ್ಟು: ವರ್ಷ, ಅಂಕಿ ಎರಡೂ ಇಲ್ಲದಿದ್ದರೆ ಇಲಾಖೆಗಳು ಅಲ್ಲಾಡುವುದಿಲ್ಲ. ಗುರಿ ಇದ್ದರೆ ಕೇಂದ್ರದ ಅನುದಾನ, ಸಾಲ ಕೇಳಲು ಒಂದು ಆಧಾರ ಸಿಗುತ್ತದೆ. ಮುಟ್ಟದಿದ್ದರೂ ಮುಟ್ಟುವ ಪ್ರಯತ್ನದಲ್ಲಿ ಒಂದಷ್ಟು ಒಳ್ಳೆಯದಾಗುತ್ತದೆ. ಕೋಪನ್‌ಹೇಗನ್ ಅವರಿಗೆ ಒಳ್ಳೆಯ ಉದಾಹರಣೆ. ಗುರಿ ತಪ್ಪಿದರೂ ಆ ನಗರ 2005ಕ್ಕೆ ಹೋಲಿಸಿದರೆ ತನ್ನ ಹೊಗೆಯ ಬಹುಪಾಲನ್ನು ಇಳಿಸಿತ್ತು.

ಅದು ಎಡವಿದ ಜಾಗವನ್ನೂ ನೋಡಬೇಕು. ಕೊನೆಯ ಪಾಲನ್ನು ಸೊನ್ನೆ ಮಾಡಲು ಕಸ ಸುಡುವ ಘಟಕದ ಚಿಮಣಿಯಲ್ಲೇ ಇಂಗಾಲ ಹಿಡಿಯುವ ಯಂತ್ರ ಬೇಕಿತ್ತು. ಅದಕ್ಕೆ ರಾಷ್ಟ್ರ ಸರ್ಕಾರದ ಹಣ ಸಿಗಲಿಲ್ಲ. ತನ್ನ ಕೈಯಲ್ಲಿದ್ದ ಕೆಲಸವನ್ನು ನಗರ ಚೆನ್ನಾಗಿಯೇ ಮಾಡಿತು, ಬೇರೆಯವರ ಕೈಯಲ್ಲಿದ್ದದ್ದರ ಮೇಲೆ ಕೊಟ್ಟ ಮಾತು ಮುರಿದುಬಿತ್ತು.

ಇನ್ನೊಂದು ಗುಂಪು ಗುರಿಯೇ ಬೇಡ ಎನ್ನುತ್ತದೆ. ಜಗತ್ತಿನ ಸರಾಸರಿ ಹೊಗೆ ಭಾರತೀಯರ ಸರಾಸರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹೀಗಿರುವಾಗ ಸ್ಕೂಟರಿನಲ್ಲಿ ಓಡಾಡುವ ಶಿವಮೊಗ್ಗದವರ ಮೇಲೆ ಏಕೆ ಹೊರೆ ಎಂಬುದು ಅವರ ಪ್ರಶ್ನೆ. ನ್ಯಾಯದ ದೃಷ್ಟಿಯಿಂದ ಇದು ಸರಿ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸುವವರನ್ನು ಹವಾಮಾನದ ಹೆಸರಿನಲ್ಲಿ ಬೈಯುವುದು ಅನ್ಯಾಯ. ಆದರೆ ಮುಂದೆ ಹೇಳುವ ಕೆಲಸಗಳು ಊರಿನ ಆರೋಗ್ಯ, ಖರ್ಚು, ನೆಮ್ಮದಿಗೂ ಬೇಕಾದವು. ಇಂಗಾಲದ ಮಾತೇ ಎತ್ತದಿದ್ದರೂ ಅವು ಆಗಬೇಕಿದ್ದ ಕೆಲಸಗಳೇ.

ಪಾಲಿಕೆಯ ಕೈಯಲ್ಲಿ ಏನಿದೆ?

ಕರೆಂಟು ಮೆಸ್ಕಾಂ ಕೈಯಲ್ಲಿದೆ. ಬಸ್ಸಿನ ಪರ್ಮಿಟ್ ಸಾರಿಗೆ ಪ್ರಾಧಿಕಾರದ ಕೈಯಲ್ಲಿ, ಕಾಡು ಅರಣ್ಯ ಇಲಾಖೆಯ ಕೈಯಲ್ಲಿ, ಹೊಸ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ. ಪಾಲಿಕೆಯ ಕಮಿಷನರ್ ಕೆಲವೇ ವರ್ಷಗಳಲ್ಲಿ ವರ್ಗವಾಗುತ್ತಾರೆ, ಚುನಾಯಿತ ಕೌನ್ಸಿಲಿನ ಅವಧಿ ಐದು ವರ್ಷ. 2050ರ ಗುರಿಗೆ ಉತ್ತರ ಕೊಡಬೇಕಾದವರು ಆಗ ಯಾರೂ ಕುರ್ಚಿಯಲ್ಲಿ ಇರುವುದಿಲ್ಲ. ಹಾಗೆಂದು ಪಾಲಿಕೆ ಕೈಕಟ್ಟಿ ಕೂರಬೇಕಿಲ್ಲ. ಅದರ ಕೈಯಲ್ಲೇ ಇರುವ ದೊಡ್ಡ ವಿಷಯ ಒಂದಿದೆ: ಕಸ.

ಒಂದು ಮನೆಯಲ್ಲಿ ಊಟ ಮುಗಿದ ಮೇಲೆ ಬಾಳೆಎಲೆ, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟುತ್ತಾರೆ. ಬೆಳಗ್ಗೆ ಕಸದ ಗಾಡಿಗೆ ಹೋಗುತ್ತದೆ. ಒಂದೇ ಗಾಡಿಯಲ್ಲಿ ಬೆರೆತು ಗುಡ್ಡೆಯ ಅಡಿಗೆ ಬಿದ್ದರೆ ಆ ಗಂಟಿನೊಳಕ್ಕೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆತ ಅನ್ನದಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಅದೇ ಎಲೆ, ಅದೇ ಅನ್ನ ಬೇರೆ ಬಕೆಟ್ಟಿನಲ್ಲಿ ಹೋಗಿ, ಗಾಳಿಯಾಡುವ ಗುಂಡಿಯಲ್ಲಿ ಗೊಬ್ಬರವಾದರೆ ಮೀಥೇನ್ ಹುಟ್ಟುವುದೇ ಅಪರೂಪ. ಮುಚ್ಚಿದ ಟ್ಯಾಂಕಿನಲ್ಲಿ ಗ್ಯಾಸ್ ಮಾಡಿದರೆ ಅದೇ ಮೀಥೇನ್ ಅಡುಗೆಗೋ ವಾಹನಕ್ಕೋ ಆಗುತ್ತದೆ. ನಮ್ಮ ಊರುಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಹಸಿ ಕಸವೇ. ಅದನ್ನು ಮನೆಯಲ್ಲೇ ಬೇರೆ ಮಾಡಬೇಕು ಎಂಬ ನಿಯಮ 2016ರಿಂದಲೇ ಇದೆ. ಹಸಿ ಕಸ ಕೊನೆಯವರೆಗೂ ಬೇರೆಯಾಗಿಯೇ ಹೋದರೆ ಸಾವಿರಾರು ಸಸಿಗಳಿಂದ ಆಗದ್ದು ಆಗುತ್ತದೆ. ಗುಡ್ಡೆಯ ಪಕ್ಕದ ಹಳ್ಳಿಗಳಿಗೆ ವಾಸನೆ, ಬೆಂಕಿ, ನೊಣಗಳ ಕಾಟವೂ ತಪ್ಪುತ್ತದೆ.

ಎರಡನೆಯದು, ಪೂರ್ತಿ ಪಾಲಿಕೆಯ ಕೈಯಲ್ಲಿ ಇಲ್ಲದಿದ್ದರೂ, ಓಡಾಟ. ಇಲ್ಲಿ ಲೆಕ್ಕ ಸ್ವಲ್ಪ ಅಚ್ಚರಿ ಹುಟ್ಟಿಸುತ್ತದೆ. ಮೇಲೆ ಹೇಳಿದ 30 ಕಿಲೋಮೀಟರಿಗೆ ಪೆಟ್ರೋಲ್ ಬೈಕ್ ಒಂದೂವರೆ ಕೆಜಿ ಬಿಡುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟು ತಿನ್ನುತ್ತದೆ, ಅಂದರೆ 0.7 ಕೆಜಿ. ಸೈಲೆನ್ಸರ್ ಇಲ್ಲದಿದ್ದರೂ ಹೊಗೆ ಪೂರ್ತಿ ಹೋಗಿಲ್ಲ, ಅರ್ಧವಾಗಿದೆ. ಈಗ 40 ಜನ ಕುಳಿತ ಹಳೇ ಡೀಸೆಲ್ ಬಸ್ ನೋಡಿ. ಲೀಟರಿಗೆ 4 ಕಿಲೋಮೀಟರ್ ಎಂದರೆ 30 ಕಿಲೋಮೀಟರಿಗೆ 7.5 ಲೀಟರ್, ಸುಮಾರು 20 ಕೆಜಿ. ತಲೆಗೆ ಬರೀ ಅರ್ಧ ಕೆಜಿ. ಜನ ತುಂಬಿದ ಡೀಸೆಲ್ ಬಸ್, ಒಬ್ಬರೇ ಓಡಿಸುವ ಎಲೆಕ್ಟ್ರಿಕ್ ಸ್ಕೂಟರಿಗಿಂತ ಮೇಲು. ಬಸ್ಸೇ ಎಲೆಕ್ಟ್ರಿಕ್ ಆದರೆ ಇನ್ನೂ ಒಳ್ಳೆಯದು.

ಆದರೆ ಬಸ್ ತುಂಬಬೇಕಲ್ಲ. ಸ್ಟಾಪಿನಲ್ಲಿ ಅರ್ಧ ಗಂಟೆ ಕಾಯಬೇಕಾದರೆ, ರಾತ್ರಿ ಎಂಟರ ಮೇಲೆ ಬಸ್ಸೇ ಇಲ್ಲದಿದ್ದರೆ, ದುಡಿಯುವ ಜನ ಸಾಲ ಮಾಡಿಯಾದರೂ ಸ್ಕೂಟರ್ ಕೊಳ್ಳುತ್ತಾರೆ. ಒಮ್ಮೆ ಸ್ಕೂಟರ್ ಬಂದ ಮನೆ ಮತ್ತೆ ಬಸ್ಸಿಗೆ ಬರುವುದು ಕಷ್ಟ. ಬಸ್ಸಿಗೆ ಜನ ಕಡಿಮೆಯಾದರೆ ಟ್ರಿಪ್ ಕಡಿಮೆಯಾಗುತ್ತದೆ, ಟ್ರಿಪ್ ಕಡಿಮೆಯಾದರೆ ಇನ್ನಷ್ಟು ಜನ ಬಿಡುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಮಹಿಳೆಯರನ್ನು ಸರ್ಕಾರಿ ಬಸ್ಸಿಗೆ ಕರೆತಂದಿತು. ಆದರೆ ಶಿವಮೊಗ್ಗದ ಸುತ್ತಮುತ್ತ ಮೊದಲಿನಿಂದಲೂ ಓಡಾಟ ಖಾಸಗಿ ಬಸ್ಸುಗಳ ಮೇಲೆ ನಿಂತಿದೆ, ಅಲ್ಲಿ ಉಚಿತ ಟಿಕೆಟ್ ಇಲ್ಲ. ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆ 3 ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ ಇದೆ. ಶಿವಮೊಗ್ಗ ಆ ಮಿತಿಯನ್ನು ದಾಟಿದೆ.

ಮೂರನೆಯದು ನೀರು. ತುಂಗೆಯ ನೀರನ್ನು ಎತ್ತಿ, ಶುದ್ಧ ಮಾಡಿ, ಟ್ಯಾಂಕಿಗೆ ಏರಿಸಲು ಹಗಲೂ ರಾತ್ರಿ ಪಂಪು ಓಡಬೇಕು. ದಾರಿಯಲ್ಲಿ ಪೈಪ್ ಸೋರಿದರೆ ನೀರಿನ ಜೊತೆಗೆ ಅದನ್ನು ಎತ್ತಿದ ಕರೆಂಟೂ ಸೋರಿದಂತೆಯೇ. ಸೋರಿಕೆ ಮುಚ್ಚಿದರೆ ಅದೇ ವರ್ಷದ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಚಾವಣಿಯ ಸೋಲಾರ್‌ಗೆ ಅಡ್ಡಿ ಎಲ್ಲಿದೆ

2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿನ ಚಾವಣಿ ಸೋಲಾರ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಇತ್ತ ರಾಜ್ಯದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಯ ಕರೆಂಟು ಉಚಿತ. ಬಡ ಮನೆಗಳಿಗೆ ಗೃಹಜ್ಯೋತಿಯಿಂದ ಆದ ಅನುಕೂಲ ದೊಡ್ಡದು, ಅದನ್ನು ತೆಗೆಯಬೇಕು ಎಂಬುದು ಇಲ್ಲಿನ ವಾದವಲ್ಲ. ಆದರೆ ಬಿಲ್ಲೇ ಬರದ ಮನೆಯವರು ಕೈಯಿಂದ ಲಕ್ಷದ ಹತ್ತಿರ ಹಾಕಿ ಸೋಲಾರ್ ಏಕೆ ಹಾಕಿಸುತ್ತಾರೆ? ಎರಡು ಒಳ್ಳೆಯ ಯೋಜನೆಗಳು ಇಲ್ಲಿ ಒಂದಕ್ಕೊಂದು ಎದುರಾಗಿವೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿಕೊಂಡು ಸೋಲಾರ್ ಇಳುವರಿ ಬೀಳುವುದೂ ನಿಜ.

ಹಾಗಾಗಿ ಮನೆಗಳಿಗಿಂತ ಮೊದಲು ನೋಡಬೇಕಾದ್ದು ಹಗಲಿನಲ್ಲೇ ಕರೆಂಟು ಬಳಸುವ, ಬಿಲ್ ಕಟ್ಟುವ ಕಟ್ಟಡಗಳನ್ನು. ಪಾಲಿಕೆ ಕಚೇರಿ, ಕಾಲೇಜು, ಆಸ್ಪತ್ರೆ, ಎಪಿಎಂಸಿ ಯಾರ್ಡ್, ಬಸ್ ನಿಲ್ದಾಣದ ಚಾವಣಿ. ಅಲ್ಲಿ ಉಚಿತ ಕರೆಂಟಿನ ಅಡ್ಡಿ ಇಲ್ಲ, ಜಾಗವೂ ವಿಶಾಲವಾಗಿದೆ, ಒಂದು ಮರವನ್ನೂ ಕಡಿಯಬೇಕಿಲ್ಲ.

ಮೀನಂಗಾಡಿ ಮೊದಲು ಮಾಡಿದ್ದು ಲೆಕ್ಕ

ನಮ್ಮದೇ ಪಶ್ಚಿಮಘಟ್ಟದಲ್ಲಿ ಒಂದು ಉದಾಹರಣೆ ಇದೆ. ಕೇರಳದ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಕಾರ್ಬನ್ ನ್ಯೂಟ್ರಲ್ ಆಗಲು ಹೊರಟಿತು. ಕಾಫಿ ತೋಟ, ಮರ, ಹಸಿರು ತುಂಬಿದ ಊರು. ನೋಡಿದವರು ಅಲ್ಲಿ ಹೊಗೆಯೇ ಇಲ್ಲ ಎನ್ನುತ್ತಿದ್ದರು. ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 33 ಸಾವಿರ ಟನ್ ಬಿಡುತ್ತಿದ್ದದ್ದು, ಸುಮಾರು 22 ಸಾವಿರ ಟನ್ ಮಾತ್ರ ಹೀರುತ್ತಿದ್ದದ್ದು ಗೊತ್ತಾಯಿತು. ಅಷ್ಟು ಹಸಿರಿನ ಹಳ್ಳಿಯಲ್ಲೇ 11 ಸಾವಿರ ಟನ್ ಕೊರತೆ. ರೈತರು ಮರ ಕಡಿಯದೆ ಉಳಿಸಿಕೊಂಡರೆ ಮರವನ್ನೇ ಅಡಮಾನವಾಗಿ ಹಿಡಿದು ಒಂದು ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿರಹಿತ ಸಾಲ ಕೊಡುವ ಯೋಜನೆಯೂ ಅಲ್ಲಿ ಬಂತು. ಸಾಲ ಸಣ್ಣದೇ. ಆದರೆ ಮರ ಯಾರ ಜಮೀನಿನಲ್ಲಿದೆಯೋ ಅವರಿಗೇ ಹಣ ಸಿಗುತ್ತದೆ, ಯಾರ ಗೋಮಾಳವೂ ಹೋಗುವುದಿಲ್ಲ.

ದೊಡ್ಡ ದೊಡ್ಡ ನಗರಗಳು ಸೊನ್ನೆಯ ಮಾತಾಡುತ್ತಿರುವಾಗ, ಈ ಪುಟ್ಟ ಪಂಚಾಯಿತಿ ತನ್ನ ಕೊರತೆಯನ್ನು ಟನ್ ಲೆಕ್ಕದಲ್ಲಿ ಜನರ ಮುಂದೆ ಇಟ್ಟಿತು. ಶಿವಮೊಗ್ಗಕ್ಕೆ ಬೇಕಾದ್ದು ಈ ಧೈರ್ಯ. ಅದಕ್ಕೆ ದೊಡ್ಡ ಸಲಹಾ ಸಂಸ್ಥೆ ಬೇಕಿಲ್ಲ. ಬೀದಿದೀಪ ಮತ್ತು ಪಂಪುಗಳು ಎಷ್ಟು ಯೂನಿಟ್ ಕರೆಂಟು ತಿಂದವು, ಪಾಲಿಕೆಯ ಗಾಡಿಗಳಿಗೆ ಎಷ್ಟು ಲೀಟರ್ ಡೀಸೆಲ್ ಹೋಯಿತು, ಎಷ್ಟು ಟನ್ ಹಸಿ ಕಸ ಗೊಬ್ಬರವಾಯಿತು, ಎಷ್ಟು ಟನ್ ಗುಡ್ಡೆಗೆ ಬಿತ್ತು. ಇವೆಲ್ಲ ಬಿಲ್ಲು, ತೂಕದ ಚೀಟಿಗಳಲ್ಲಿ ಸಿಗುವ ಅಂಕಿಗಳೇ. ಪ್ರತಿ ವರ್ಷದ ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ಪಕ್ಕ ಈ ವರ್ಷದ್ದನ್ನೂ ಅಚ್ಚು ಹಾಕಲು ಒಂದು ಪುಟ ಸಾಕು. ಕಾಡಿನ ಅಂಕಿಯನ್ನು ಆ ಪುಟದಲ್ಲಿ ಸೇರಿಸದಿದ್ದರೆ, ಊರು ಎಷ್ಟು ಇಳಿಸಿದೆ ಎಂಬುದನ್ನು ವಾರ್ಡಿನ ಯಾರು ಬೇಕಾದರೂ ಓದಿ ಹೇಳಬಹುದು.